ಕುದಿಸಿದ ಕತ್ತಿ

ಭಾನುವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ

ಪ್ರೀತಿಯ ಅಕ್ಕನಿಗೆ, ಮನೆಯಲ್ಲಿ ಉಳಿದುಕೊಂಡ ಬಾಯಿಬಡುಕಿ ತಂಗಿ ಬರೆಯುವುದು.

ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ಹೆದರಿಕೊಂಡು ಕೊನೆಯ ಪುಟಕ್ಕೆ ಹಾರಬೇಡ. ಅಪ್ಪ ಚೆನ್ನಾಗಿದ್ದಾನೆ. ನಾನು ಇದನ್ನು ಬರೆಯುತ್ತಿರುವಾಗ ಹಿಂಬಾಗಿಲ ಹತ್ತಿರ ಮಣೆ ಹಾಕಿಕೊಂಡು ಚರ್ಮದ ಅಂಚು ಸವರುತ್ತಿದ್ದಾನೆ. ಮಾತ್ರೆ ನುಂಗಿದ್ದಾನೆ. ನುಂಗಿದ್ದನ್ನು ಕಣ್ಣಾರೆ ನೋಡಿದ್ದೇನೆ, ಸಾಲದೆಂದು ಬಾಯಿ ತೆರೆಸಿಯೂ ನೋಡಿದ್ದೇನೆ. ನನ್ನನ್ನು ಜೈಲು ವಾರ್ಡನ್ ಅಂತ ಬೈದ. ಬೈಯುವಷ್ಟು ಗಟ್ಟಿಯಾಗಿದ್ದಾನೆ, ಇನ್ನೇನು ಬೇಕು ಹೇಳು. ಒಂದು ವಾರದಿಂದ ಎದೆಯ ಮೇಲೆ ಹೊತ್ತುಕೊಂಡಿದ್ದ ಕಲ್ಲು ನಿನ್ನೆ ಇಳಿಯಿತು. ಇವತ್ತು ಎರಡು ಸಲ ಊಟ ಮಾಡಿದ್ದೇನೆ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಅಳುತ್ತೀಯ, ನಾನು ರೇಗುತ್ತೇನೆ, ನಿನ್ನ ಟಿಕೆಟ್ ಕೌಂಟರಿನ ಮುಂದೆ ಸಾಲು ನಿಂತವರು ಗಾಜು ಬಡಿಯುತ್ತಾರೆ. ಮಾತು ಅಲ್ಲಿಗೇ ನಿಂತುಹೋಗುತ್ತದೆ. ಅದಕ್ಕೇ ಪತ್ರ. ಭಾವನಿಗೂ ಓದಿ ಹೇಳು. ಒಂದೆರಡು ಕಡೆ ಅವರಿಗೆ ಮುಜುಗರವಾಗಬಹುದು, ಆಗಲಿ. ನನಗೆ ಆದಷ್ಟೇನೂ ಆಗುವುದಿಲ್ಲ.

ಕಳೆದ ಸೋಮವಾರ ಪಾಳಿ ಮುಗಿಸಿ ಮನೆಗೆ ಬಂದೆ. ಒಲೆಯ ಮೇಲೆ ಚಹಾದ ಪಾತ್ರೆ ಕೊತಕೊತ ಕುದಿಯುತ್ತಿತ್ತು. ಪರವಾಗಿಲ್ಲವೇ, ಅಪ್ಪ ನನಗೂ ಚಹಾ ಇಟ್ಟಿದ್ದಾನಲ್ಲ ಅಂತ ಮುಚ್ಚಳ ತೆಗೆದರೆ ಒಳಗೆ ಕತ್ತಿ. ಅದೇ, ಚರ್ಮದ ಅಂಚನ್ನು ತೆಳ್ಳಗೆ ಸವರುವ ಸಣ್ಣ ಕತ್ತಿ. ನಾವಿಬ್ಬರೂ ಚಿಕ್ಕವರಿದ್ದಾಗ ಮುಟ್ಟಿದರೆ ಕೈ ಮುರೀತೀನಿ ಅನ್ನುತ್ತಿದ್ದನಲ್ಲ, ಅದು. ಮರದ ಹಿಡಿ ಬಿಚ್ಚಿ ಪಕ್ಕಕ್ಕಿಟ್ಟು ಅಲಗನ್ನು ಮಾತ್ರ ಕುದಿಯಲು ಹಾಕಿದ್ದ.

ಇದೇನಪ್ಪಾ ಅಂದೆ. ಕುದಿಸಿದರೆ ಅಲಗಿನ ಹದ ಹೋಗುತ್ತೋ ಏನೋ ಅಂತ ನೋಡ್ತಿದ್ದೀನಿ, ಶನಿವಾರಕ್ಕೆ ಬೇಕು ಅಂದ. ಏನಕ್ಕೆ ಬೇಕು ಅಂದೆ. ಸುನ್ನತಿಗೆ ಅಂದ. ಯಾರ ಮಗೂಗಪ್ಪಾ ಅಂದೆ. ಮಗೂಗಲ್ಲ, ನನಗೆ ಅಂದ. ಅಷ್ಟು ಹೇಳಿ, ಉಪ್ಪು ತಂದೆಯಾ ಅಂತ ಕೇಳಿದ.

ಅಕ್ಕ, ಸುಳ್ಳು ಯಾಕೆ ಹೇಳಲಿ, ಮೊದಲು ನಗು ಬಂತು. ಅರವತ್ತು ದಾಟಿದ ಮುದುಕ, ಎದೆಗೆ ಸ್ಟೆಂಟ್ ಹಾಕಿಸಿಕೊಂಡವನು, ರಕ್ತ ತೆಳ್ಳಗಾಗುವ ಮಾತ್ರೆ ತಿನ್ನುವವನು, ಗಡ್ಡ ಕೆರೆಯುವಾಗ ಕೊಯ್ದುಕೊಂಡರೆ ಟವೆಲ್ ಒತ್ತಿಕೊಂಡು ಊಟದವರೆಗೂ ಕೂತಿರುವವನು, ಈಗ ತನ್ನ ಕತ್ತಿಯನ್ನು ತಾನೇ ಕುದಿಸಿಕೊಂಡು ಸುನ್ನತಿಗೆ ಹೊರಟಿದ್ದಾನೆ. ಬೇರೆಯವರ ಕತ್ತಿಯ ಮೇಲೆ ನಂಬಿಕೆಯಿಲ್ಲವಂತೆ. ಕತ್ತಿ ಹಿಡಿಯುವವನ ಮೇಲೆ ಮಾತ್ರ ಪೂರ್ತಿ ನಂಬಿಕೆ. ಯಾರು ಹಿಡಿಯುವುದು ಅಂತ ಕೇಳಿದರೆ ಸಭೆಯ ಹಿರಿಯರಲ್ಲೊಬ್ಬ, ಮೊದಲು ದನದ ಡಾಕ್ಟರ ಹತ್ತಿರ ಕೈಯಾಳಾಗಿದ್ದವನಂತೆ. ಅಲ್ಲಿಗೆ ನನ್ನ ನಗು ನಿಂತಿತು.

ಇದರ ಬೇರು ಹೊಸ ಬೋಧಕ. ನಿನಗೆ ಗೊತ್ತಿರುವವನೇ. ಹಳೆಯ ಪಾದ್ರಿಗಳು ತೀರಿಕೊಂಡ ಮೇಲೆ ಬಂದವನು, ಬಂದ ಹೊಸತರಲ್ಲೇ ನಿನ್ನ ಹೆಸರನ್ನು ಸಭೆಯಿಂದ ತೆಗೆದುಹಾಕಿದವನು. ದೀಕ್ಷಾಸ್ನಾನವಾಗದ ಹುಡುಗನನ್ನು ರಿಜಿಸ್ಟರ್ ಕಚೇರಿಯಲ್ಲಿ ಮದುವೆಯಾದವಳು ರಕ್ಷಣೆಯ ಬಾಗಿಲನ್ನು ತಾನೇ ಹೊರಗಿನಿಂದ ಹಾಕಿಕೊಂಡಳು ಅಂದಿದ್ದ. ಅಪ್ಪ ಅವತ್ತು ತಲೆ ತಗ್ಗಿಸಿ ನಿಂತವನು, ಇವತ್ತಿನವರೆಗೂ ನಿನ್ನ ಹೆಸರನ್ನು ಬಾಯಲ್ಲಿ ಎತ್ತಲಿಲ್ಲ. ಅದು ನಿನಗೂ ಗೊತ್ತು. ನಾನು ಆ ಬೋಧಕನಿಗೆ ಅಳತೆಗೋಲು ಅಂತ ಹೆಸರಿಟ್ಟಿದ್ದೇನೆ. ಎದುರು ಬಂದವರನ್ನೆಲ್ಲ ಅಳೆಯುತ್ತಾನೆ, ಎಲ್ಲರೂ ಒಂದು ಗೇಣು ಕಡಿಮೆ ಬೀಳುತ್ತಾರೆ.

ನೀನು ಹೋದ ಮೇಲೆ ಅವನ ಅಳತೆ ಬೆಳೆಯುತ್ತಾ ಹೋಯಿತು. ನಾವು ಬೇರು ಮರೆತವರು ಅಂದ. ಮೊದಲ ಶಿಷ್ಯರೆಲ್ಲ ಯೆಹೂದ್ಯರು, ಅವರು ಹಳೆಯ ಧರ್ಮಶಾಸ್ತ್ರವನ್ನೆಲ್ಲ ಪಾಲಿಸುತ್ತಿದ್ದರು, ಕರ್ತನಿಗೇ ಎಂಟನೆಯ ದಿನ ಸುನ್ನತಿಯಾಗಿತ್ತು, ನಿಮಗೆ ಮಾತ್ರ ಯಾಕೆ ರಿಯಾಯಿತಿ ಅಂದ. ಆರಾಧನೆ ಭಾನುವಾರದಿಂದ ಶನಿವಾರಕ್ಕೆ ಬಂತು. ಶನಿವಾರ ನಮ್ಮ ಚರ್ಮದ ಶೆಡ್ಡಿಗೆ ರಜೆಯಿಲ್ಲ, ಹಾಗಾಗಿ ಅರ್ಧ ಜನ ತಾವಾಗಿಯೇ ಪಾಪಿಗಳಾದರು. ಆಮೇಲೆ ಬಾಗಿಲಲ್ಲಿ ತಾಮ್ರದ ಬೋಗುಣಿ ಬಂತು. ಕೈ ಶುದ್ಧವಾಗದವರು ಪ್ರಭುಭೋಜನದ ರೊಟ್ಟಿಗೂ ಪಾತ್ರೆಗೂ ಕೈ ಚಾಚುವಂತಿಲ್ಲ. ಶೆಡ್ಡಿನವರ ಕೈ ನಿನಗೆ ಗೊತ್ತಲ್ಲ, ಅಂಟು, ಬಣ್ಣ, ಉಗುರಿನ ಸಂದಿಯ ಕಪ್ಪು, ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗದು. ಹಾಗಾದರೆ ನೀವು ಕೊನೆಯ ಬೆಂಚಿನಲ್ಲಿ ಕೂತು ಕೊನೆಯಲ್ಲಿ ತೆಗೆದುಕೊಳ್ಳಿ ಅಂದ. ಬಲು ವಿನಯದಿಂದ ಅಂದ. ಬೆನ್ನ ಮೇಲೆ ಕೈಯಿಟ್ಟು ಹಿಂದಕ್ಕೆ ದಬ್ಬುವವರನ್ನು ನಾನು ಯೂನಿಯನ್ನಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ದಬ್ಬುವವನ ಕೈ ಮೆತ್ತಗಿದ್ದಷ್ಟೂ ಬಿದ್ದವನಿಗೆ ಬೈಯಲು ಬಾಯಿ ಬರುವುದಿಲ್ಲ.

ನಮ್ಮಪ್ಪ, ಬದುಕಿಡೀ ಇಡೀ ಊರಿನ ಕಾಲಿಗೆ ಚಪ್ಪಲಿ ಮಾಡಿಕೊಟ್ಟವನು, ದೇವರ ಮನೆಯಲ್ಲಿ ಚಪ್ಪಲಿ ಬಿಡುವ ಜಾಗದ ಪಕ್ಕ ಕೂತ. ನಾನು ಆ ಪ್ರಾರ್ಥನೆಯ ಹಾಲಿಗೆ ಹೋಗುವುದನ್ನೇ ಬಿಟ್ಟೆ. ನೀನೂ ಬಾ ಅಂತ ಒಮ್ಮೆ ಕರೆದ. ದೇವರ ಜೊತೆ ನನಗೆ ಮಾತುಕತೆ ನಿಂತು ಬಹಳ ಕಾಲವಾಯಿತು ಅಂದೆ. ಆದರೆ ಅಪ್ಪನ ದೇವರನ್ನು ಇನ್ನೊಬ್ಬರು ಕಿತ್ತುಕೊಂಡು ಕಂತಿನ ಮೇಲೆ ಅವನಿಗೇ ಮಾರುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನ ಕೈಲಾಗದು. ಈಗ ಕೊನೆಯ ಕಂತು ಬಂದಿತ್ತು. ಮೈಯಲ್ಲಿ ಗುರುತಿಲ್ಲದವನ ರಕ್ಷಣೆ ಅರ್ಧ ಮಾತ್ರ.

ಯಾಕಪ್ಪಾ ನಿನಗಿದು ಅಂತ ಕೇಳಿದೆ. ಇಕ್ಕಳದಿಂದ ಅಲಗನ್ನು ಮೇಲೆತ್ತಿದ. ಬೆಂಚು ಬದಲಾಗಲಿ ಅಂತಲಾ ಅಂದೆ. ಹಾಗೇ ಅಂದುಕೋ ಅಂದ. ಕೂಗಾಡಿದೆ. ಅವನು ಅಲಗನ್ನು ಬಟ್ಟೆಯಲ್ಲಿ ಒರೆಸಿ, ಹದ ಹೋಗಿಲ್ಲ ನೋಡು ಅಂತ ಹೆಬ್ಬೆರಳ ಉಗುರಿನ ಮೇಲೆ ಎಳೆದು ತೋರಿಸಿದ.

ಮಂಗಳವಾರ ಮಾತ್ರೆಯ ಡಬ್ಬಿ ನೋಡಿದೆ. ರಕ್ತದ ಮಾತ್ರೆ ಹೋದ ವಾರದಿಂದ ಹಾಗೇ ಉಳಿದಿದೆ. ರಕ್ತ ಹೆಚ್ಚು ಹೋಗಬಾರದು ಅಂತ ಆ ದನದ ಕೈಯಾಳು ನಿಲ್ಲಿಸಿ ಅಂದನಂತೆ, ಇವನು ನಿಲ್ಲಿಸಿದ. ದವಾಖಾನೆಯ ಡಾಕ್ಟರಮ್ಮನ ಹತ್ತಿರ ಓಡಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಾತ್ರೆ ಬಿಟ್ಟರೆ ಸ್ಟೆಂಟ್ ಕಟ್ಟಿಕೊಳ್ಳುತ್ತೆ, ಬಿಡದೆ ಕೊಯ್ದರೆ ರಕ್ತ ನಿಲ್ಲಲ್ಲ, ಮೇಲಾಗಿ ಸಕ್ಕರೆ ಕಾಯಿಲೆ, ಗಾಯ ಮಾಯೋದು ಕಷ್ಟ, ನಿಮ್ಮಪ್ಪನಿಗೆ ಯಾವ ದಾರಿ ಬೇಕಂತೆ ಕೇಳಿ ಅಂದರು. ಅವರು ತಮಾಷೆ ಮಾಡಲಿಲ್ಲ.

ಮನೆಗೆ ಬಂದು ಅದನ್ನೇ ಹೇಳಿದೆ. ದೇವರಿಗಾಗಿ ಮಾಡೋದಕ್ಕೆ ಡಾಕ್ಟರ ಸಹಿ ಬೇಕಾ ಅಂದ.

ಆಮೇಲೆ ಅಪ್ಪನ ಅಂಗಳದಲ್ಲೇ ನಿಂತು, ದೇವರ ಮಾತು ಹಿಡಿದೇ ಜಗಳವಾಡೋಣ ಅಂತ ಹೊರಟೆ. ಹಳೆಯ ಪಾದ್ರಿಗಳು ಭಾನುವಾರದ ತರಗತಿಯಲ್ಲಿ ಹೇಳುತ್ತಿದ್ದದ್ದು ನಿನಗೆ ನೆನಪಿರಬೇಕು. ನೀನು ಮುಂದಿನ ಸಾಲಿನಲ್ಲಿ ಬಾಯಿಬಿಟ್ಟುಕೊಂಡು ಕೇಳುತ್ತಿದ್ದೆ, ನಾನು ಹಿಂದೆ ಕೂತು ನಿನ್ನ ಜಡೆಯನ್ನು ಕುರ್ಚಿಗೆ ಕಟ್ಟುತ್ತಿದ್ದೆ. ಆದರೂ ಕಿವಿಗೆ ಬಿದ್ದದ್ದು ಹೋಗಿಲ್ಲ. ಈ ಜಗಳ ಹೊಸದಲ್ಲ ಅಂದೆ. ಸಭೆ ಹುಟ್ಟಿದ ಕಾಲದಲ್ಲೇ ಆದದ್ದು. ಬೇರೆ ಜನಾಂಗದವರು ನಂಬಿಕೊಂಡು ಬಂದಾಗ, ಮೊದಲು ನಮ್ಮ ಹಾಗೆ ಸುನ್ನತಿ ಮಾಡಿಸಿಕೊಳ್ಳಿ, ನಮ್ಮ ಶಾಸ್ತ್ರದ ನೊಗ ಹೊತ್ತುಕೊಳ್ಳಿ, ಆಮೇಲೆ ರಕ್ಷಣೆ ಅಂತ ಕೆಲವರು ಪಟ್ಟುಹಿಡಿದರು. ಹಿರಿಯರೆಲ್ಲ ಸೇರಿ ವಾದ ಮಾಡಿದರು. ನಮ್ಮ ಅಜ್ಜಂದಿರೂ ನಾವೂ ಹೊರಲಾಗದ ಭಾರವನ್ನು ಇವರ ಹೆಗಲಿಗೆ ಯಾಕೆ ಹಾಕುತ್ತೀರಿ ಅಂತ ಅವರಲ್ಲೇ ಒಬ್ಬರು ಎದ್ದು ಕೇಳಿದರು. ಬೇಡ ಅಂತ ತೀರ್ಮಾನವಾಯಿತು. ಆ ಸುದ್ದಿ ತಲುಪಿದ ಊರಿನಲ್ಲಿ ಜನ ಸಂತೋಷಪಟ್ಟರಂತೆ. ಪಡದೆ ಏನು, ದೊಡ್ಡ ದೊಡ್ಡ ಗಂಡಸರು ಚಾಕು ತಪ್ಪಿತಲ್ಲ ಅಂತ ಎಷ್ಟು ಉಸಿರು ಬಿಟ್ಟಿರಬೇಕು.

ಇನ್ನೂ ಹೇಳಿದೆ. ಯೆಹೂದ್ಯರ ಮೂಲಪುರುಷನನ್ನು ದೇವರು ನೀತಿವಂತ ಅಂತ ಎಣಿಸಿದ್ದು ಮೊದಲು, ಮೈಮೇಲಿನ ಗುರುತು ಬಂದದ್ದು ಆಮೇಲೆ, ಹಾಗಿದ್ದ ಮೇಲೆ ಗುರುತಿನಿಂದ ನೀತಿ ಹೇಗೆ ಬರುತ್ತೆ. ಅಮ್ಮನನ್ನೂ ಎಳೆದು ತಂದೆ. ಹೆಂಗಸರಿಗೆ ಈ ಗುರುತು ಇಲ್ಲವಲ್ಲಪ್ಪಾ, ಸತ್ತ ಅಮ್ಮನನ್ನು ಎಲ್ಲಿ ಕೂರಿಸುತ್ತಾರೆ, ಕೊನೆಯ ಬೆಂಚಿನಲ್ಲಾ ಅಂದೆ. ಆ ಕಾಲದ ಬೋಧಕರೂ ಇದೇ ಪ್ರಶ್ನೆ ಎತ್ತಿದ್ದರಂತೆ. ಹೆಣ್ಣಿಗೂ ಗಂಡಿಗೂ ರಕ್ಷಣೆ ಒಂದೇ ಆದರೆ, ಗಂಡಸಿಗೆ ಮಾತ್ರ ಆಗುವ ಒಂದು ಕೆಲಸ ಅದಕ್ಕೆ ಬಾಗಿಲು ಹೇಗಾಗುತ್ತೆ ಅಂತ. ಅಪ್ಪ ಆಗ ಮಾತ್ರ ಮುಖ ಎತ್ತಿದ. ಮನೆಯ ಯಜಮಾನನ ಗುರುತು ಮನೆಯವರಿಗೆಲ್ಲ ಸಲ್ಲುತ್ತೆ ಅಂತ ಬೋಧಕರು ಹೇಳಿದ್ದಾರೆ ಅಂದ.

ಕೊನೆಗೆ ಅವನದೇ ಕಥೆ ತೆಗೆದೆ. ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದನಲ್ಲ, ಮೀನುಗಾರ ಶಿಷ್ಯ ಕಡಲ ದಡದ ಊರಿನಲ್ಲಿ ಇಳಿದುಕೊಂಡದ್ದು ಯಾರ ಮನೇಲಿ ಗೊತ್ತಾ, ಚರ್ಮ ಹದ ಮಾಡುವವನ ಮನೇಲಿ, ನಮ್ಮೋನ ಮನೇಲಿ ಅಂತ. ವಾಸನೆಗೆ ಊರಾಚೆ ಹಾಕಿದ್ದ ಆ ಮನೆಯ ಮಾಳಿಗೆಯ ಮೇಲೇ, ದೇವರು ಶುದ್ಧ ಮಾಡಿದ್ದನ್ನು ನೀನು ಹೊಲಸು ಅನ್ನಬೇಡ ಅನ್ನುವ ಮಾತು ಆ ಶಿಷ್ಯನಿಗೆ ಕೇಳಿಸಿದ್ದು. ಆ ಪುಟವನ್ನು ನಿನ್ನ ಬೋಧಕ ಒಮ್ಮೆಯಾದರೂ ಓದಿದ್ದಾನಾ ಅಂತ ಕೇಳಿದೆ. ಓದಿಲ್ಲ ಅಂದ. ಆ ಮನೆಯವನು ನೆಂಟರು ಹೋದ ಮೇಲೆ ಏನು ಮಾಡಿದ ಅಂತ ಬರೆದಿಲ್ಲವಲ್ಲ, ಅವನಿಗೂ ಮಕ್ಕಳಿದ್ದರೋ ಏನೋ ಅಂದ. ಇದೇನು ಎತ್ತಲಿಂದೆತ್ತಲೋ ಮಾತು ಅಂತ ನನಗೆ ಅರ್ಥವಾಗಲಿಲ್ಲ.

ಬುಧವಾರ ಕನ್ನಡಕದ ಮಾಮನ ಅಂಗಡಿಗೆ ಹೋದೆ. ಅವರನ್ನು ನೀನು ಮರೆತಿರಲಾರೆ. ಗಡಿಯಾರದ ಬೀದಿಯ ಕೊನೆಯ ಅಂಗಡಿ, ಕಿಟಕಿಯಲ್ಲಿ ಬರೀ ಚೌಕಟ್ಟುಗಳು, ನಾವು ಹೋದರೆ ಮಸೂರ ಒರೆಸುವ ಮೆತ್ತನೆಯ ತುಂಡು ಚರ್ಮ ಕೊಡುತ್ತಿದ್ದವರು. ಅವರ ಕನ್ನಡಕದ ಪೆಟ್ಟಿಗೆಗಳಿಗೆಲ್ಲ ಚರ್ಮ ಹೊಲಿಯುವವನು ಇವತ್ತಿಗೂ ಅಪ್ಪನೇ. ಊರಿನಲ್ಲಿ ಉಳಿದಿರುವ ನಾಲ್ಕಾರು ಯೆಹೂದಿ ಮನೆಗಳಲ್ಲಿ ಅವರದೊಂದು. ಅಪ್ಪನೂ ಅವರೂ ದೇವರ ವಿಷಯ ಬಿಟ್ಟು ಇನ್ನೆಲ್ಲ ಮಾತಾಡುತ್ತಾರೆ, ಅದಕ್ಕೇ ಸ್ನೇಹ ಉಳಿದಿದೆ.

ವಿಷಯ ಹೇಳಿದೆ. ಮೊದಲು ನಕ್ಕರು. ನಿಮ್ಮಪ್ಪನಾ, ಇಂಜೆಕ್ಷನ್ ಸೂಜಿ ಕಂಡರೆ ಕಣ್ಣು ಮುಚ್ಕೊಳ್ಳೋನು ಅಂದರು. ಆಮೇಲೆ ಮಾತ್ರೆಯ ವಿಷಯ ಹೇಳಿದಾಗ ನಗು ಹೋಯಿತು, ಸಿಟ್ಟು ಬಂತು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮದನ್ನು ತಗೊಂಡು ಹೋಗೋಕೆ ಅವನು ಯಾರನ್ನು ಕೇಳಿದ ಅಂದರು. ಇದು ನಮ್ಮ ಮನೆಯ ಮಾತು, ನಮ್ಮ ಜನಕ್ಕೂ ದೇವರಿಗೂ ಆದ ಒಡಂಬಡಿಕೆ. ಬೇರೆ ಜನಾಂಗದವರಿಗೆ ಇದಿಲ್ಲದೆ ಒಳ್ಳೇದಾಗಲ್ಲ ಅಂತ ನಮ್ಮ ಹಿರಿಯರು ಯಾವತ್ತೂ ಹೇಳಿಲ್ಲ. ಒಳ್ಳೆಯವನಾಗಿ ಬಾಳಿದರೆ ಸಾಕು ಅಂತಾರೆ. ನಿಮ್ಮವರು ಮೊದಲು ಇದನ್ನು ಬೇಡ ಅಂದರು, ಸರಿ, ಅದು ನಿಮ್ಮಿಷ್ಟ. ಆಮೇಲೆ ನಮ್ಮ ಶನಿವಾರದ ಸಬ್ಬತ್ತು, ನಮ್ಮ ಬಲಿಯ ಕುರಿಮರಿ, ನಮ್ಮ ಶುದ್ಧಿಯ ಸ್ನಾನ ಎಲ್ಲ ಬರೀ ನೆರಳು, ನಿಜವಾದ್ದು ಬಂದಾಯ್ತು ಅಂದರು. ನೆರಳು ಅಂದ ಮೇಲೆ ತುಳಿದರೆ ನೋವಾಗಲ್ಲ ನೋಡು, ಶತಮಾನಗಟ್ಟಲೆ ತುಳಿದರು. ಈಗ ಇನ್ನೊಬ್ಬ ಬಂದು ಅದೇ ನೆರಳನ್ನು ಟಿಕೆಟ್ ಮಾಡಿ ಮಾರ್ತಿದ್ದಾನಾ ಅಂದರು.

ನನಗೆ ಕಪಾಳಕ್ಕೆ ಬಿಗಿದ ಹಾಗಾಯಿತು, ಅಕ್ಕ. ನಮ್ಮ ಪಾದ್ರಿಗಳು ಹೇಳುತ್ತಿದ್ದ ಆ ಗೆಲುವಿನ ಕಥೆಯ ಕೊನೆಯಲ್ಲಿ ಇದೊಂದು ಪುಟ ಇದೆ, ಅದನ್ನು ನಮಗೆ ಯಾರೂ ಓದಿ ಹೇಳಿರಲಿಲ್ಲ. ಹೊಸಿಲು ದಾಟಲು ಬಿಡಲಿಲ್ಲ ಅಂತ ಅತ್ತವರೇ, ಒಳಗೆ ಹೋಗಿ ಕೂತ ಮೇಲೆ ಮನೆಯ ಹಳಬರನ್ನು ಹೊರಗೆ ಹಾಕಿದರು. ಬೆಂಚು ಕಸಿದುಕೊಂಡವರೆಲ್ಲ ಒಂದು ಕಾಲಕ್ಕೆ ಬೆಂಚಿಲ್ಲದವರೇ. ಯೂನಿಯನ್ನಿನಲ್ಲಿ ನಾನು ದಿನಾ ಭಾಷಣ ಬಿಗಿಯುತ್ತೇನೆ, ಇದನ್ನು ಮಾತ್ರ ಅಲ್ಲಿ ಕಲಿತಿರಲಿಲ್ಲ.

ಮಾಮ ಅಂಗಡಿಯ ಬಾಗಿಲು ಎಳೆದು ನನ್ನ ಜೊತೆ ಬಂದೇಬಿಟ್ಟರು. ಅಪ್ಪ ಕಂಡವನೇ, ಓ, ಸಾಕ್ಷಿಗೆ ಇವರನ್ನೂ ಕರ್ಕೊಂಡು ಬಂದ್ಯಾ ಅಂದ. ಮಾಮ ಮಣೆಯ ಎದುರು ಕೂತರು. ಏನಯ್ಯಾ, ನಮ್ಮ ಮಕ್ಕಳಿಗೆ ಇದನ್ನು ಎಂಟನೇ ದಿನ ಮಾಡ್ತೀವಿ, ಯಾಕೆ ಗೊತ್ತಾ ಅಂತ ಕೇಳಿದರು. ಅಪ್ಪ ಶಾಸ್ತ್ರ ಅಂದ. ಶಾಸ್ತ್ರವೇ, ಆದರೆ ಎಂಟು ದಿನದ ಮಗು ಏನು ಪುಣ್ಯ ಮಾಡಿರುತ್ತೆ ಹೇಳು, ಹಾಲು ಕುಡಿಯುತ್ತೆ, ಬಟ್ಟೆ ಒದ್ದೆ ಮಾಡುತ್ತೆ, ಅಳುತ್ತೆ. ಅದೇನೂ ಸಂಪಾದನೆ ಮಾಡ್ತಿಲ್ಲ. ಅದು ಆಗಲೇ ನಮ್ಮದು, ಅದಕ್ಕೇ ಗುರುತು. ಗುರುತು ಹಾಕಿದ ಮೇಲೆ ನಮ್ಮದಾಗೋದಲ್ಲ. ನೀನು ಮುದುಕನಾದ ಮೇಲೆ ಇದನ್ನು ಕೂಲಿ ಕೆಲಸ ಮಾಡ್ಕೊಂಡು ಹೊರಟಿದ್ದೀಯಲ್ಲ ಅಂದರು.

ಅಪ್ಪ ಕತ್ತಿಯ ಹಿಡಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತ. ನಿಮಗೆ ಹೇಳಿದರೆ ತಿಳಿಯಲ್ಲ ಅಂದ. ಆಗ ಮಾಮ ನನ್ನ ಕಡೆ ತಿರುಗಿ, ಹೋಗಮ್ಮಾ, ಅಂಗಡಿಗೆ ಹೋಗಿ ಏನಾದರೂ ತಗೊಂಡು ಬಾ ಅಂದರು. ಏನು ತರಲಿ ಅಂದೆ. ಏನಾದರೂ ಅಂದರು. ಹೋದೆ. ಅವರಿಬ್ಬರೂ ಏನು ಮಾತಾಡಿಕೊಂಡರೋ ನನಗೆ ತಿಳಿಯದು. ನಾನು ಸಾಬೂನು ಹಿಡಿದುಕೊಂಡು ಒಳಗೆ ಬಂದಾಗ ಇಬ್ಬರ ಕಣ್ಣೂ ಕೆಂಪಾಗಿತ್ತು. ಅಪ್ಪ ನನ್ನ ಮುಖ ನೋಡದೆ, ಆ ಮಾತ್ರೆ ಡಬ್ಬಿ ಕೊಡು, ಒಂದು ಲೋಟ ನೀರು ಕೊಡು ಅಂದ. ಅಷ್ಟೇ. ನಾನು ಗೆದ್ದೆ ಅಂತ ಹೇಳಿಕೊಳ್ಳಲೂ ಆಗಲಿಲ್ಲ, ನನ್ನ ಒಂದು ಮಾತೂ ಅಲ್ಲಿ ಕೆಲಸ ಮಾಡಿರಲಿಲ್ಲ.

ಆದರೂ ಶನಿವಾರದವರೆಗೆ ನನ್ನ ಜೀವ ಕೈಯಲ್ಲಿತ್ತು. ನಿನ್ನೆ ಬೆಳಿಗ್ಗೆ ನೋಡಿದರೆ ಮತ್ತೆ ಚಹಾದ ಪಾತ್ರೆಯಲ್ಲಿ ಕತ್ತಿ ಕುದಿಯುತ್ತಿದೆ. ಅಪ್ಪ ಒಗೆದ ಅಂಗಿ ಹಾಕಿಕೊಂಡು ನಿಂತಿದ್ದಾನೆ. ಬೇಡ ಅಂದೆಯಲ್ಲಪ್ಪಾ ಅಂದೆ. ಬೇಡ ಅಂದಿದ್ದು ಸುನ್ನತಿ, ಸಭೆ ಅಲ್ಲ ಅಂದ. ಮತ್ತೆ ಕತ್ತಿ ಯಾಕೆ ಅಂದೆ. ನೀನು ಬಾ ಅಂದ. ಪಾಳಿಗೆ ರಜೆ ಹೇಳಿ ಹಿಂದೆ ಹೋದೆ. ಬಹಳ ದಿನದ ಮೇಲೆ ಆ ಹಾಲಿಗೆ ಕಾಲಿಟ್ಟದ್ದು. ಗೋಡೆಯ ಸುಣ್ಣ ಹೊಸದು, ಫ್ಯಾನು ಅದೇ ಹಳೆಯದು. ಬಾಗಿಲಲ್ಲಿ ತಾಮ್ರದ ಬೋಗುಣಿ ಫಳಫಳ ಹೊಳೆಯುತ್ತಿತ್ತು. ಅಪ್ಪ ಅದರಲ್ಲಿ ಕೈ ಅದ್ದಲಿಲ್ಲ. ಕೊನೆಯ ಬೆಂಚಿನಲ್ಲೇ ಕೂತ, ನಾನು ಪಕ್ಕದಲ್ಲಿ.

ಅಳತೆಗೋಲು ಅಪ್ಪನ ಕೈಯಲ್ಲಿದ್ದ ಬಟ್ಟೆಯ ಗಂಟನ್ನು ನೋಡಿ ಮುಖ ಅರಳಿಸಿದ. ಇವತ್ತು ನಮ್ಮ ಒಬ್ಬ ಸಹೋದರ ತನ್ನ ರಕ್ಷಣೆಯನ್ನು ಪೂರ್ತಿ ಮಾಡಿಕೊಳ್ಳುತ್ತಾನೆ ಅಂತ ಸಭೆಗೆ ಸಾರಿದ. ಹಿಂದಿನ ಕೋಣೆಯ ಬಾಗಿಲಲ್ಲಿ ಆ ದನದ ಕೈಯಾಳು ತೋಳು ಮಡಚಿಕೊಂಡು ನಿಂತಿದ್ದ.

ಅಪ್ಪ ಎದ್ದ. ನಿನಗೆ ಗೊತ್ತಲ್ಲ, ನಾಲ್ಕು ಜನರ ಮುಂದೆ ಅವನಿಗೆ ಮಾತು ಬರುವುದಿಲ್ಲ. ಬರಲಿಲ್ಲ. ಬೋಧಕರೇ ಅಂದ, ನಿಂತ. ಮತ್ತೆ ಬೋಧಕರೇ ಅಂದ. ಆಮೇಲೆ ನೇರ ನಡೆದು ಮುಂದಿನ ಮೇಜಿನ ಹತ್ತಿರ ಹೋದ. ಅಲ್ಲಿ ಪ್ರಭುಭೋಜನದ ರೊಟ್ಟಿ ಇತ್ತು, ದಪ್ಪ ಅಂಚಿನದು. ಗಂಟು ಬಿಚ್ಚಿ ಕತ್ತಿ ತೆಗೆದ. ಮುಂದಿನ ಬೆಂಚಿನವರು ಸ್ವಲ್ಪ ಹಿಂದಕ್ಕೆ ಸರಿದರು. ಹಿಂದಕ್ಕೆ ಸರಿಯುವುದು ಹೇಗಿರುತ್ತದೆ ಅಂತ ಅವರಿಗೂ ಸ್ವಲ್ಪ ತಿಳಿಯಲಿ. ಅಪ್ಪ ರೊಟ್ಟಿಯನ್ನು ಕತ್ತರಿಸತೊಡಗಿದ, ಅಂಚು ಸವರುವವನ ಅಚ್ಚುಕಟ್ಟಿನಿಂದ, ಒಂದೇ ಸಮ. ಈ ಕೈಯ ಬಣ್ಣ ಹೋಗಲ್ಲ ಬೋಧಕರೇ, ಕತ್ತಿ ಮಾತ್ರ ಎರಡು ಸಲ ಕುದಿಸಿದ್ದೀನಿ ಅಂದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಮ್ಮ ಶೆಡ್ಡಿನ ಹೊಲಿಗೆಯ ಹೆಂಗಸೇ ಇರಬೇಕು.

ಅಳತೆಗೋಲು ಮೇಜಿನ ಹತ್ತಿರಕ್ಕೆ ಬಂದ. ನೀವು ನಿಮ್ಮ ಆತ್ಮವನ್ನು ಕಳಕೊಳ್ತಿದ್ದೀರಿ ಅಂದ. ಅಪ್ಪ ಕತ್ತರಿಸುತ್ತಲೇ ಹೇಳಿದ. ನಾನು ಒಂದು ಜೋಡು ಮಾಡಿಕೊಟ್ಟ ಮೇಲೆ, ಹಾಕ್ಕೊಂಡವರು ಇದು ಸಾಲದು ಅಂತ ತಾವೇ ಮೇಲೊಂದು ಹೊಲಿಗೆ ಹಾಕಿದರೆ ನನಗೆ ಬೇಜಾರಾಗುತ್ತೆ, ಮೇಲಿನವನಿಗೂ ಆಗುತ್ತೇನೋ, ನನಗೆ ಸರಿಯಾಗಿ ಗೊತ್ತಿಲ್ಲ ಅಂದ. ಅಷ್ಟೇ ಅವನ ಭಾಷಣ. ಅಳತೆಗೋಲು ಅದಕ್ಕೆ ಎರಡು ಮೂರು ವಚನ ಹೇಳಿ ಉತ್ತರ ಕೊಟ್ಟ. ಚೆನ್ನಾಗಿಯೇ ಕೊಟ್ಟ. ಅಪ್ಪ ತಟ್ಟೆ ಎತ್ತಿಕೊಂಡು ಕೊನೆಯ ಬೆಂಚಿಗೆ ಬಂದು ಶೆಡ್ಡಿನವರಿಗೆ ಮೊದಲು ಕೊಟ್ಟ. ಆಮೇಲೆ ತಿರುಗಿ ಹೋಗಿ ಒಂದು ತುಂಡನ್ನು ಬೋಧಕನ ಮುಂದೆ ಹಿಡಿದ.

ಇಲ್ಲಿ ನಾನು ಅವನಿಗೆ ಅನ್ಯಾಯ ಮಾಡಬಾರದು. ಅವನು ಬಹಳ ಹೊತ್ತು ಆ ಕಪ್ಪು ಕೈಯನ್ನೇ ನೋಡಿದ. ಅವನೂ ದೊಡ್ಡವನಾದ ಮೇಲೆ ಆ ಚಾಕುವಿನ ಕೆಳಗೆ ಮಲಗಿದವನಂತೆ, ತಿಂಗಳು ನರಳಿದವನಂತೆ, ಸಭೆಗೆ ಹೋಗುತ್ತಾ ದಾರಿಯಲ್ಲಿ ಅಪ್ಪ ಹೇಳಿದ್ದ. ಅದು ಬೇಕಿರಲಿಲ್ಲ ಅಂತ ಈಗ ಒಪ್ಪಿಕೊಳ್ಳುವುದು ಸುಲಭವಲ್ಲ. ಆದರೂ ತುಂಡನ್ನು ತೆಗೆದುಕೊಂಡ. ತಿಂದನೋ ಇಲ್ಲವೋ ನಾನು ನೋಡಲಿಲ್ಲ. ಮುಂದಿನ ಬೆಂಚಿನ ಕೆಲವರು ಎದ್ದು ಹೊರಗೆ ಹೋದರು, ಹೋಗುವಾಗ ಬೋಗುಣಿಯಲ್ಲಿ ಇನ್ನೊಮ್ಮೆ ಕೈ ತೊಳೆದುಕೊಂಡರು. ಬೋಗುಣಿ ಇನ್ನೂ ಅಲ್ಲೇ ಇದೆ. ಇಲ್ಲಿ ಯಾವ ಕ್ರಾಂತಿಯೂ ಆಗಿಲ್ಲ, ಅಕ್ಕ. ಶೆಡ್ಡಿನವರು ಮುಂದಿನ ವಾರ ಎಲ್ಲಿ ಕೂರಬೇಕು ಅಂತ ಇವತ್ತು ಬೆಳಿಗ್ಗೆ ನಮ್ಮ ಮನೆಯ ಮುಂದೆ ಒಂದೇ ಗಲಾಟೆ. ಅದೊಂದು ಒಳ್ಳೆಯ ಗಲಾಟೆ.

ಮನೆಗೆ ಬರುವಾಗ ಅಪ್ಪ ಕೈ ಬೀಸಿಕೊಂಡು ನಡೆದ. ನನಗೆ ಅವನ ವೇಗಕ್ಕೆ ನಡೆಯಲಾಗಲಿಲ್ಲ. ಮನೆ ಸೇರಿ ಚಹಾದ ಪಾತ್ರೆಯನ್ನು ಮೂರು ಸಲ ಉಜ್ಜಿ ತೊಳೆದು ಚಹಾ ಇಟ್ಟೆ. ಆದರೂ ಸ್ವಲ್ಪ ಕಬ್ಬಿಣದ ರುಚಿ ಬಂತು. ಇಬ್ಬರೂ ಕುಡಿದೆವು.

ಊಟ ಬಿಡಬೇಡ. ಭಾವನಿಗೆ ನಾನು ಕೇಳಿದೆ ಅಂತ ಹೇಳು. ನೀನು ಮೊದಲಿಗಿಂತ ಸಣ್ಣಗಾಗಿದ್ದೀಯ ಅಂತ ಫೋಟೋ ನೋಡಿದರೆ ಅನ್ನಿಸುತ್ತದೆ, ಅಲ್ಲ ಅಂತ ಬರೆ.

ನಿನ್ನ ಜಡೆಯನ್ನು ಕುರ್ಚಿಗೆ ಕಟ್ಟಿದವಳು,
ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಬೇಡ ಅಂತ ಅಪ್ಪ ಆಣೆ ಹಾಕಿಸಿಕೊಂಡಿದ್ದಾನೆ. ದೇವರ ಮೇಲೆ ಹಾಕಿಸಿಕೊಂಡ, ದೇವರ ಜೊತೆ ನನಗೆ ಮಾತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬುಧವಾರ ನಾನು ಅಂಗಡಿಗೆ ಹೋಗಲೇ ಇಲ್ಲ. ಸಾಬೂನು ನನ್ನ ಚೀಲದಲ್ಲೇ ಇತ್ತು. ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡೆ, ಆಮೇಲೆ ಅಪ್ಪನ ಮುಂದೆ ಒಪ್ಪಿಕೊಂಡೆ, ಅದಕ್ಕೇ ಈ ಆಣೆ. ಅವನು ಸುನ್ನತಿಗೆ ಹೊರಟದ್ದು ಬೆಂಚಿಗಾಗಿ ಅಲ್ಲವಂತೆ. ಯಜಮಾನ ಗುರುತು ಹಾಕಿಸಿಕೊಂಡರೆ ಮನೆಯವರೆಲ್ಲ ರಕ್ಷಣೆಯ ಲೆಕ್ಕಕ್ಕೆ ಬರುತ್ತಾರೆ ಅಂತ ಬೋಧಕ ಹೇಳಿದಾಗ ಅಪ್ಪ ಒಂದೇ ಪ್ರಶ್ನೆ ಕೇಳಿದನಂತೆ, ಮನೆ ಬಿಟ್ಟು ಹೋದವಳೂ ಬರುತ್ತಾಳಾ ಅಂತ. ಬರುತ್ತಾಳೆ ಅಂದನಂತೆ. ನಾನು ಸತ್ತರೂ ಪರವಾಗಿಲ್ಲ, ದೊಡ್ಡವಳು ಹೊರಗೆ ಉಳೀಬಾರದು ಅಂತ ಅಪ್ಪ ಮಾಮನಿಗೆ ಹೇಳುತ್ತಿದ್ದ. ನಿನ್ನ ಹೆಸರು ಹಿಡಿದು ಹೇಳಿದ, ಅಕ್ಕ. ಇಷ್ಟು ವರ್ಷದ ಮೇಲೆ ಆ ಹೆಸರು ಅವನ ಬಾಯಿಂದ ಬಂದದ್ದನ್ನು ಬಾಗಿಲ ಸಂದಿಯಿಂದ ಕೇಳಿದೆ. 

ಆಮೇಲೆ ಮಾಮ ಹೇಳಿದರು: ನನ್ನ ಮಗನಿಗೆ ಎಂಟನೇ ದಿನ ಈ ಗುರುತು ಆಯ್ತು, ನನ್ನ ತೊಡೆಯ ಮೇಲೇ ಮಲಗಿಸಿಕೊಂಡಿದ್ದೆ. ಅವನು ಹೊರಗಿನ ಹುಡುಗಿಯನ್ನು ಮದುವೆಯಾದಾಗ, ಸತ್ತವನಿಗೆ ಅಳೋ ಹಾಗೆ ನೆಲದ ಮೇಲೆ ಕೂತು ಅತ್ತೆ. ಗುರುತು ಅವನ ಮೈಮೇಲೆ ಈಗಲೂ ಇದೆ, ಅವನು ಮಾತ್ರ ಮನೆಗೆ ಬರಲಿಲ್ಲ. ಬಾ ಅಂತ ನಾನೂ ಕರೀಲಿಲ್ಲ. ನೀನು ಕೊಯ್ಕೋಬೇಡ ಮಾರಾಯ, ಕರಿ.

ಅಪ್ಪ ಈಗ ಅಂಚು ಸವರುತ್ತಿರುವುದು ಹೆಣ್ಣಿನ ಜೋಡು. ಯಾರಿಗೆ ಅಂದರೆ ಆರ್ಡರು ಅನ್ನುತ್ತಾನೆ. ನೀನು ಹೋಗುವಾಗಿನ ಅಳತೆ ಅವನಿಗೆ ನೆನಪಿದೆ, ಈಗಿನದು ಗೊತ್ತಿಲ್ಲ, ನನ್ನನ್ನು ಕೇಳಲು ನಾಚಿಕೆ. ಉತ್ತರ ಬರೆಯುವಾಗ ಕಾಗದದ ಹಿಂಬದಿಯಲ್ಲಿ ಕಾಲಿಟ್ಟು ಸುತ್ತ ಪೆನ್ಸಿಲ್ ಎಳೆದು ಕಳಿಸು. ಇಲ್ಲದಿದ್ದರೆ ನೀನೇ ಬಂದು ಕಾಲು ಕೊಡು. ಭಾವನದೂ ತಗೊಂಡು ಬಾ.